ಆಟ ಮುಗಿದ ಮೇಲಿನ ಪಾಠ



ನಮ್ಮ ಶಾಲೆಯ ಜಗುಲಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ನೋಡಿ ತಿಳಿ, ಮಾಡಿ ಕಲಿ’ ಎಂದು ಬರೆಸಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಗೋಡೆಗೆ ಸುಣ್ಣ ಬಳಿಸಿದಾಗಲೆಲ್ಲ ಆ ಅಕ್ಷರಗಳನ್ನು ಮತ್ತೆ ಬರೆಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಆ ಮಾತಿನ ಕೆಳಗೆ ಓಡಾಡಿದವನು ನಾನು. ಈಚೆಗೆ ಕಂಡ ಒಂದು ತರಗತಿ ಮತ್ತು ಹಿಂದೆ ನಾನೇ ಕೆಡಿಸಿದ ಒಂದು ತರಗತಿ, ಇವೆರಡನ್ನೂ ಜೊತೆಯಲ್ಲಿಟ್ಟು ನೋಡಿದಾಗ, ‘ಮಾಡಿ’ ಮತ್ತು ‘ಕಲಿ’ ಎಂಬ ಎರಡು ಪದಗಳ ನಡುವೆ ಮತ್ತೊಂದು ಪದ ಬಿಟ್ಟುಹೋಗಿದೆ ಎಂದು ನನಗೆ ಅನ್ನಿಸತೊಡಗಿದೆ. ಅದನ್ನು ಕುರಿತೇ ಈ ಬರಹ. ನಿಮ್ಮಲ್ಲಿ ಈಗ ಉಪಾಧ್ಯಾಯರಾಗಿರುವವರು ಇದನ್ನು ಸ್ವಲ್ಪ ಸಾವಧಾನವಾಗಿ ಓದಬೇಕೆಂದು ಕೋರುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ನರ್ಸಿಂಗ್ ಕಾಲೇಜೊಂದರಲ್ಲಿ ಅಧ್ಯಾಪಕಿ. ಎಂಟನೆಯ ತರಗತಿಯಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ ಹುಡುಗಿ. “ಸರ್, ನಮ್ಮ ಸಿಮ್ಯುಲೇಷನ್ ಲ್ಯಾಬ್ ನೋಡಲು ನೀವು ಒಮ್ಮೆ ಬರಲೇಬೇಕು” ಎಂದು ಬಹಳ ದಿನಗಳಿಂದ ಕರೆಯುತ್ತಿದ್ದಳು. ಹೋದೆ. ಆಸ್ಪತ್ರೆಯ ವಾರ್ಡಿನಂತೆಯೇ ಸಜ್ಜುಗೊಳಿಸಿದ ಕೋಣೆ. ಮಂಚದ ಮೇಲೆ ಆಳೆತ್ತರದ ಬೊಂಬೆ. ಅದು ಉಸಿರಾಡುತ್ತದೆ, ಅದರ ನಾಡಿ ಬಡಿಯುತ್ತದೆ. ಪಕ್ಕದ ಕೋಣೆಯಲ್ಲಿ ಕುಳಿತವರು ಮೈಕಿನಲ್ಲಿ ಮಾತನಾಡಿದರೆ ಅದೇ ನರಳಿದಂತೆ ಕೇಳಿಸುತ್ತದೆ. ಅಂದಿನ ಪಾಠದಲ್ಲಿ ಆ ಬೊಂಬೆ ಅರ್ಧ ಗಂಟೆಯ ಹಿಂದೆ ಹೆರಿಗೆಯಾದ ತಾಯಿ. ಅವಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ನಾಲ್ವರು ವಿದ್ಯಾರ್ಥಿನಿಯರು ಅವಳನ್ನು ಉಳಿಸಿಕೊಳ್ಳಬೇಕು.

ಒಬ್ಬಳು ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶವನ್ನು ನೀವುತ್ತಿದ್ದಳು. ಇನ್ನೊಬ್ಬಳು ಡ್ರಿಪ್ ಸಿದ್ಧಪಡಿಸುತ್ತಿದ್ದಳು. ಮತ್ತೊಬ್ಬಳು ಹೋದ ರಕ್ತದ ಪ್ರಮಾಣವನ್ನು ಅಂದಾಜು ಮಾಡುತ್ತಿದ್ದಳು. ಪರದೆಯ ಮೇಲೆ ನಾಡಿಯ ಅಂಕಿ ಏರುತ್ತ, ರಕ್ತದೊತ್ತಡದ ಅಂಕಿ ಇಳಿಯುತ್ತ ಹೋಯಿತು. ತಲೆಯ ಬಳಿ ನಿಂತಿದ್ದವಳೇ ತಂಡದ ಮುಖ್ಯಸ್ಥೆ. ಪರಿಸ್ಥಿತಿ ಕೈಮೀರುತ್ತಿದೆಯೆಂದು ಅವಳ ಮುಖವೇ ಹೇಳುತ್ತಿತ್ತು. ಆದರೂ ವೈದ್ಯರನ್ನು ಕರೆಯಲಿಲ್ಲ. ನಾಲ್ಕು ನಿಮಿಷ ಕಳೆದ ಮೇಲೆ ಕರೆದಳು. ಇಡೀ ಪ್ರಸಂಗ ಮುಗಿಯಲು ಕಾಲು ಗಂಟೆ ಸಾಕಾಯಿತು. ನಾನು ಎದ್ದು ಹೊರಡಲು ಸಿದ್ಧನಾದೆ. ನನ್ನ ಶಿಷ್ಯೆ ನಕ್ಕು, “ಕುಳಿತುಕೊಳ್ಳಿ ಸರ್, ಪಾಠ ಈಗ ಶುರು” ಎಂದಳು.

ಎಲ್ಲರೂ ವೃತ್ತಾಕಾರವಾಗಿ ಕುಳಿತರು. ಮುಂದಿನ ನಲವತ್ತು ನಿಮಿಷ ಅಲ್ಲಿ ನಡೆದದ್ದು ಬರೀ ಮಾತು. ಮೊದಲು ಪ್ರತಿಯೊಬ್ಬಳೂ ತನಗೆ ಹೇಗನ್ನಿಸಿತು ಎಂದು ಹೇಳಿದಳು. ಆಮೇಲೆ ಏನೇನು ನಡೆಯಿತೆಂಬುದನ್ನು ಕ್ರಮವಾಗಿ ಎಲ್ಲರೂ ಸೇರಿ ಜೋಡಿಸಿದರು. ಆ ನಂತರ ನನ್ನ ಶಿಷ್ಯೆ ಮುಖ್ಯಸ್ಥೆಯಾಗಿದ್ದ ಹುಡುಗಿಯ ಕಡೆ ತಿರುಗಿ ಹೇಳಿದಳು: “ನಾಲ್ಕು ನಿಮಿಷದವರೆಗೆ ನೀನು ಯಾರನ್ನೂ ಕರೆಯಲಿಲ್ಲ, ನಾನು ಗಮನಿಸಿದೆ. ಇಂಥ ರಕ್ತಸ್ರಾವದಲ್ಲಿ ನಾಲ್ಕು ನಿಮಿಷ ಬಹಳ ದೊಡ್ಡದು ಎಂದು ನನಗೆ ಆತಂಕವಾಯಿತು. ಆ ಹೊತ್ತಿನಲ್ಲಿ ನಿನ್ನ ಮನಸ್ಸಿನಲ್ಲಿ ಏನಿತ್ತು, ಹೇಳಮ್ಮ.”

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಕರೆದ ಮೇಲೆ ಅಂಥದ್ದೇನೂ ಆಗಿಲ್ಲ ಅಂತಾದರೆ ಬೈಯುತ್ತಾರೆ ಅಂತ ಹೆದರಿದೆ ಮೇಡಂ” ಎಂದಳು.

ನನಗೆ ಮೈ ಜುಮ್ಮೆಂದಿತು. ರಕ್ತಸ್ರಾವಕ್ಕೆ ಏನು ಮಾಡಬೇಕೆಂಬುದು ಆ ಹುಡುಗಿಗೆ ಬಾಯಿಪಾಠವಾಗಿತ್ತು. ಲಿಖಿತ ಪರೀಕ್ಷೆಯಲ್ಲಿ ಅವಳಿಗೆ ಪೂರ್ಣ ಅಂಕ ಬರುತ್ತಿತ್ತು. ಅವಳ ಕೈ ತಡೆದದ್ದು ಅಜ್ಞಾನವಲ್ಲ, ಬೈಗುಳದ ಭಯ. ಅದು ಯಾವ ಪ್ರಶ್ನೆಪತ್ರಿಕೆಯಲ್ಲೂ ಹೊರಬರುವಂಥದ್ದಲ್ಲ. ಬೊಂಬೆಯ ಮುಂದೆ ಕೆಲಸ ಮಾಡಿದ ಮಾತ್ರಕ್ಕೂ ಹೊರಬರುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಒಬ್ಬರು ಕುಳಿತು, ಬೈಯದೆ, ಸುಳ್ಳು ಹೊಗಳಿಕೆಯನ್ನೂ ಹೇಳದೆ, ನಿಜವಾದ ಕುತೂಹಲದಿಂದ ಕೇಳಿದ್ದರಿಂದ ಅದು ಹೊರಬಂತು. ಯಾವ ಲಕ್ಷಣ ಕಂಡಾಗ ಕರೆಯಬೇಕು, ಕರೆದಾಗ ಯಾವ ಮಾತುಗಳಲ್ಲಿ ಹೇಳಬೇಕು ಎಂಬುದನ್ನು ಅವರೇ ಚರ್ಚಿಸಿ ಗೊತ್ತುಮಾಡಿಕೊಂಡರು. ಪ್ರಸಂಗವನ್ನು ಮತ್ತೊಮ್ಮೆ ನಡೆಸಿದಾಗ ಒಂದು ನಿಮಿಷ ತುಂಬುವ ಮೊದಲೇ ಅದೇ ಹುಡುಗಿ ಕರೆದಳು.

ಹೀಗೆ ಕುಳಿತು ಮಾತನಾಡುವುದನ್ನು ಅವರು ಡಿಬ್ರೀಫಿಂಗ್ ಎನ್ನುತ್ತಾರೆ. ನಾನು ಮರುನೋಟ ಎನ್ನುತ್ತೇನೆ. ಕಂಡದ್ದನ್ನು ಹೇಳಿ, ತನ್ನ ಆತಂಕವನ್ನು ಮುಚ್ಚಿಡದೆ, ಅನಂತರ ಎದುರಿನವರ ಮನಸ್ಸನ್ನು ಕೇಳುವ ಈ ಕ್ರಮವನ್ನು ಅಮೆರಿಕದ ಜೆನ್ನಿ ರುಡಾಲ್ಫ್ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ವೈದ್ಯಕೀಯ ಶಿಕ್ಷಣಕ್ಕಾಗಿ ವಿವರಿಸಿದರು. ಆದರೆ ಇದು ವೈದ್ಯಕೀಯಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಹೈಸ್ಕೂಲಿನ ಕೋಣೆಗೂ ಅಷ್ಟೇ ಬೇಕಾದದ್ದು ಎಂಬುದೇ ನನ್ನ ವಾದ.

ಅಂದು ಬಸ್ಸಿನಲ್ಲಿ ಮರಳಿ ಬರುವಾಗ ನನಗೆ ನೆನಪಾದದ್ದು ನನ್ನ ಬಿ.ಎಡ್. ದಿನಗಳು. 1980ರ ದಶಕದ ಆರಂಭ. ನಮ್ಮ ಪಾಲಿಗೆ ಶೈಕ್ಷಣಿಕ ಮನೋವಿಜ್ಞಾನವೆಂದರೆ ಒಂದು ಪುಟ್ಟ ಮೃಗಾಲಯ. ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಸ್ಕಿನ್ನರನ ಇಲಿ, ಕೋಹ್ಲರನ ಚಿಂಪಾಂಜಿ! ಪರೀಕ್ಷೆಗೆ ಮುನ್ನ ಯಾರ ಪ್ರಾಣಿ ಯಾವುದೆಂದು ಉರುಹೊಡೆದು, ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಕಾಡಿಗೆ ಬಿಟ್ಟೆವು. ಪಾಠ ಹೇಳುವುದಕ್ಕೂ ಅವುಗಳಿಗೂ ಏನು ಸಂಬಂಧವೆಂದು ನಾವೂ ಕೇಳಲಿಲ್ಲ, ನಮಗೆ ಯಾರೂ ಹೇಳಲೂ ಇಲ್ಲ.

ಅದೇ ವರ್ಷ ನಮಗೆ ಸೂಕ್ಷ್ಮಬೋಧನೆ, ಅಂದರೆ ಮೈಕ್ರೋ ಟೀಚಿಂಗ್, ಇತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಡ್ವೈಟ್ ಆಲನ್ ಮತ್ತು ಸಂಗಡಿಗರು 1963ರ ಸುಮಾರಿಗೆ ರೂಪಿಸಿದ ಕ್ರಮ ಅದು. ನಮ್ಮ ದೇಶಕ್ಕೆ ಹೊಂದಿಕೊಂಡ ರೂಪದಲ್ಲಿ ಸಹಪಾಠಿಗಳೇ ವಿದ್ಯಾರ್ಥಿಗಳಾಗಿ ನಟಿಸುತ್ತಿದ್ದರು. ಈಗ ಯೋಚಿಸಿದರೆ, ಅದೂ ಒಂದು ಸಿಮ್ಯುಲೇಷನ್ನೇ. ಒಂದು ಕೌಶಲವನ್ನು ಮಾತ್ರ ಆರಿಸಿಕೊಳ್ಳಬೇಕು. ಪ್ರಶ್ನೆ ಕೇಳುವುದಿರಬಹುದು, ಕಪ್ಪುಹಲಗೆಯ ಬಳಕೆಯಿರಬಹುದು. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಆರು ನಿಮಿಷ ಮತ್ತೆ ಪಾಠ, ಆರು ನಿಮಿಷ ಮತ್ತೆ ಹಿಮ್ಮಾಹಿತಿ. ಒಟ್ಟು ಮೂವತ್ತಾರು ನಿಮಿಷಗಳ ಚಕ್ರ. ಇದನ್ನು ರೆಕಾರ್ಡ್ ಪುಸ್ತಕದಲ್ಲಿ ವೃತ್ತ ಬರೆದು ಚಂದವಾಗಿ ತುಂಬಿದ್ದೆವು. ಆದರೆ ಆ ಲೆಕ್ಕದ ಅರ್ಥ ನನಗೆ ಹೊಳೆದದ್ದು ನಲವತ್ತು ವರ್ಷ ಕಳೆದ ಮೇಲೆ, ಆ ಬಸ್ಸಿನಲ್ಲಿ. ಮೂವತ್ತಾರರಲ್ಲಿ ಪಾಠಕ್ಕೆ ಸಲ್ಲುವುದು ಹನ್ನೆರಡು ನಿಮಿಷ. ಉಳಿದ ಇಪ್ಪತ್ತನಾಲ್ಕು ನಿಮಿಷವೂ ಮಾಡಿದ್ದನ್ನು ಕುರಿತು ಯೋಚಿಸುವುದಕ್ಕೆ. ಮಾಡುವುದಕ್ಕೆ ಒಂದು ಪಾಲು, ಚಿಂತನೆಗೆ ಎರಡು ಪಾಲು.

ನಾವು ಮಾಡಿದ್ದೇನು? ಪಾಠದ ನಾಟಕ ಮುಗಿದೊಡನೆ ಚಪ್ಪಾಳೆ ತಟ್ಟಿ, ‘ತುಂಬಾ ಚೆನ್ನಾಗಿತ್ತು’ ಎಂದು ಒಬ್ಬರಿಗೊಬ್ಬರು ಬರೆದುಕೊಟ್ಟು, ಕ್ಯಾಂಟೀನಿಗೆ ನಡೆದೆವು. ಒಬ್ಬ ಗೆಳೆಯ ಮಾತ್ರ ನನ್ನ ಹಾಳೆಯಲ್ಲಿ, ‘ಪ್ರಶ್ನೆ ಕೇಳಿ ಉತ್ತರವನ್ನೂ ನೀನೇ ಹೇಳುತ್ತೀಯ’ ಎಂದು ಬರೆದಿದ್ದ. ನನಗೆ ಸಿಟ್ಟು ಬಂದಿತ್ತು. ಬಿ.ಎಡ್.ನಿಂದ ನಾನು ತರಗತಿಗೆ ಹೊತ್ತುತಂದ ಅತ್ಯಂತ ಉಪಯುಕ್ತ ವಾಕ್ಯ ಅದೊಂದೇ.

ಕಲಿಕೆಯ ಸಿದ್ಧಾಂತಗಳು ಪರೀಕ್ಷೆಗಾಗಿ ಹುಟ್ಟಿದವಲ್ಲ. ಥಾರ್ನ್‌ಡೈಕನ ‘ಅಭ್ಯಾಸ ನಿಯಮ’ವನ್ನೇ ತೆಗೆದುಕೊಳ್ಳಿ. ಪುನಃ ಪುನಃ ಮಾಡಿದರೆ ಕಲಿಕೆ ಗಟ್ಟಿಯಾಗುತ್ತದೆ ಎಂದು ಮೊದಲು ಹೇಳಿದವನೇ, 1930ರ ಸುಮಾರಿಗೆ ತನ್ನ ಮಾತನ್ನು ತಿದ್ದಿಕೊಂಡ. ಕಣ್ಣು ಮುಚ್ಚಿಕೊಂಡವರಿಂದ ನಾಲ್ಕಂಗುಲದ ಗೆರೆಗಳನ್ನು ಸಾವಿರಾರು ಬಾರಿ ಎಳೆಯಿಸಿ ನೋಡಿದಾಗ, ಗೆರೆ ಸರಿಯಾಗಿತ್ತೇ ತಪ್ಪಾಗಿತ್ತೇ ಎಂದು ತಿಳಿಸದಿದ್ದರೆ ಕೊನೆಯ ಗೆರೆಯೂ ಮೊದಲಿನಷ್ಟೇ ತಪ್ಪಾಗಿರುತ್ತಿತ್ತು. ಕೈ ದುಡಿಯಿತು, ಕಲಿಕೆ ಆಗಲಿಲ್ಲ. ನಾವು ಮಾತ್ರ ತಿದ್ದುಪಡಿಗೆ ಮೊದಲಿನ ನಿಯಮವನ್ನಷ್ಟೇ ಬಾಯಿಪಾಠ ಮಾಡಿ, ಮಕ್ಕಳಿಗೆ ತಪ್ಪು ಬರೆದ ಪದವನ್ನು ನೂರು ಸಲ ಬರೆಯಿಸಿದೆವು.

ಅನುಭವದಿಂದ ಕಲಿಯಬೇಕೆಂದು ಸಾರಿದವರಲ್ಲಿ ದೊಡ್ಡ ಹೆಸರು ಜಾನ್ ಡ್ಯೂಯಿ. ಅವರ ಹೆಸರನ್ನು ಮುಂದಿಟ್ಟುಕೊಂಡು ‘ಚಟುವಟಿಕೆ, ಚಟುವಟಿಕೆ’ ಎನ್ನುವವರು, ಎಲ್ಲ ಅನುಭವವೂ ಶಿಕ್ಷಣವಲ್ಲ, ಕೆಲವು ಅನುಭವಗಳು ಮುಂದಿನ ಬೆಳವಣಿಗೆಯನ್ನೇ ತಡೆಯುತ್ತವೆ ಎಂದು 1938ರ ತಮ್ಮ ಗ್ರಂಥದಲ್ಲಿ ಅವರೇ ಎಚ್ಚರಿಸಿದ್ದನ್ನು ಮರೆಯುತ್ತಾರೆ. ಡೇವಿಡ್ ಕೋಲ್ಬ್ 1984ರಲ್ಲಿ ಅನುಭವಜನ್ಯ ಕಲಿಕೆಯನ್ನು ನಾಲ್ಕು ಹಂತಗಳ ಚಕ್ರವಾಗಿ ವಿವರಿಸಿದರು: ಅನುಭವಿಸುವುದು, ಅದನ್ನು ಹಿಂದಿರುಗಿ ನೋಡುವುದು, ಅದರಿಂದ ಒಂದು ತತ್ತ್ವವನ್ನು ಗ್ರಹಿಸುವುದು, ಆ ತತ್ತ್ವವನ್ನು ಹೊಸ ಸನ್ನಿವೇಶದಲ್ಲಿ ಪರೀಕ್ಷಿಸುವುದು. ನರ್ಸಿಂಗ್ ಕಾಲೇಜಿನ ಆ ಒಂದು ಗಂಟೆಯಲ್ಲಿ ನಾಲ್ಕೂ ಹಂತಗಳನ್ನು ನಾನು ಕಣ್ಣಾರೆ ಕಂಡೆ. ನಮ್ಮ ಶಾಲೆಗಳಲ್ಲಿ ಚಕ್ರದ ಮೊದಲ ಕಾಲುಭಾಗ ತಿರುಗುವಷ್ಟರಲ್ಲಿ ಗಂಟೆ ಬಾರಿಸುತ್ತದೆ.

ಸಿಮ್ಯುಲೇಷನ್‌ಗೆ ಮನ್ನಣೆ ದೊರೆತದ್ದೇ ಪ್ರಾಣದ ಬೆಲೆ ತೆತ್ತ ಮೇಲೆ ಎಂಬುದನ್ನೂ ನೆನೆಯಬೇಕು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ತನ್ನ ಮನೆತನದ ಆರ್ಗನ್ ವಾದ್ಯಗಳ ಕಾರ್ಖಾನೆಯ ತಿದಿಗಳನ್ನೇ ಬಳಸಿಕೊಂಡು, ನೆಲದ ಮೇಲೆಯೇ ವಿಮಾನದಂತೆ ಓಲಾಡುವ ಯಂತ್ರವೊಂದನ್ನು 1929ರ ವೇಳೆಗೆ ಕಟ್ಟಿದ. ಮೊದಮೊದಲು ಅದು ಜಾತ್ರೆಯ ಆಟಿಕೆಯಂತೆ ಕಂಡಿತು. 1934ರಲ್ಲಿ ಅಲ್ಲಿನ ಸೈನ್ಯ ವಿಮಾನ ಅಂಚೆಯ ಹೊಣೆ ಹೊತ್ತಾಗ, ಕೆಟ್ಟ ಹವೆಯಲ್ಲಿ ಉಪಕರಣಗಳನ್ನಷ್ಟೇ ನಂಬಿ ಹಾರಲು ಬಾರದ ಹಲವು ಚಾಲಕರು ಕೆಲವೇ ವಾರಗಳಲ್ಲಿ ಸತ್ತರು. ಆಗ ಸೈನ್ಯ ಲಿಂಕ್‌ನ ಯಂತ್ರಗಳನ್ನು ಕೊಂಡಿತು. ಬಾಯಿಗೆ ಬಾಯಿಟ್ಟು ಉಸಿರು ತುಂಬುವುದನ್ನು ಕಲಿಸಲು ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ ಬೊಂಬೆಯೊಂದನ್ನು ತಂದರು. ತಪ್ಪು ಮಾಡಿದರೂ ಯಾರೂ ಸಾಯದ ಜಾಗವೊಂದನ್ನು ಕಲ್ಪಿಸಿಕೊಡುವುದೇ ಇವೆಲ್ಲದರ ಉದ್ದೇಶ. ನಮ್ಮ ತರಗತಿಗಳಲ್ಲಿ ತಪ್ಪು ಮಾಡಿದರೆ ಯಾರೂ ಸಾಯುವುದಿಲ್ಲ ಎಂದು ನಾನು ನಂಬಿದ್ದೆ. ಮನಸ್ಸಿಗೆ ಆಗುವ ಗಾಯವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಈಗ ನಾನು ಕೆಡಿಸಿದ ತರಗತಿಯ ಕಥೆ. ಇದನ್ನು ಬರೆಯಲು ಸಂಬಂಧಪಟ್ಟವನ ಒಪ್ಪಿಗೆ ಪಡೆದಿದ್ದೇನೆ. ಅವನ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ. ಆ ತರಗತಿಯಲ್ಲಿ ಇದ್ದವರು ಕೆಲವರು ಇದನ್ನು ಓದುತ್ತಿರುವಿರಿ. ನಿಮಗೆ ಅರ್ಥವಾಗುತ್ತದೆ.

1994. ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಬಂದು ವರ್ಷವಾಗಿತ್ತು. ಎಲ್ಲೆಲ್ಲೂ ಗ್ರಾಮಪಂಚಾಯಿತಿಯ ಮಾತು. ಒಂಬತ್ತನೆಯ ತರಗತಿಗೆ ಸ್ಥಳೀಯ ಸರ್ಕಾರದ ಪಾಠವನ್ನು ಪುಸ್ತಕದಿಂದ ಓದಿ ಹೇಳುವ ಬದಲು ಅಣಕು ಗ್ರಾಮಸಭೆ ನಡೆಸೋಣವೆಂದು ನನಗೆ ಉತ್ಸಾಹ ಬಂತು. ರಟ್ಟಿನ ಚೀಟಿಗಳ ಮೇಲೆ ಪಾತ್ರಗಳನ್ನು ಬರೆದೆ. ಅಧ್ಯಕ್ಷ, ಕಾರ್ಯದರ್ಶಿ, ದೊಡ್ಡ ಜಮೀನುದಾರ, ಅಂಗಡಿಯವ, ಅಂಗನವಾಡಿ ಕಾರ್ಯಕರ್ತೆ, ಕೂಲಿಕಾರ. ಕಾರ್ಯಸೂಚಿ ಒಂದೇ: ಇರುವ ಹಣದಲ್ಲಿ ಒಂದು ಕೊಳವೆಬಾವಿ ಕೊರೆಸಬಹುದು, ಅದು ಯಾವ ಬೀದಿಗೆ? ಕೂಲಿಕಾರನ ಚೀಟಿಯನ್ನು ಒಬ್ಬ ಹುಡುಗನ ಕೈಗೆ ಕೊಟ್ಟೆ. ಅವನ ತಂದೆ ನಿಜವಾಗಿಯೂ ಕೂಲಿ ಮಾಡುತ್ತಿದ್ದವರು. ಅವರ ಬೀದಿಯಲ್ಲಿ ನಿಜವಾಗಿಯೂ ನಲ್ಲಿ ಇರಲಿಲ್ಲ. ‘ಇವನಾದರೆ ಸಹಜವಾಗಿ ಮಾಡುತ್ತಾನೆ’ ಎಂಬುದು ಅಂದಿನ ನನ್ನ ಬುದ್ಧಿವಂತಿಕೆ.

ಅವನು ಅರ್ಜಿ ಹಿಡಿದು ಎದ್ದು ನಿಂತು ಮಾತನಾಡಿದ. ಸಹಜವಾಗಿಯೇ ಮಾತನಾಡಿದ, ಸಹಜವಾಗಿದ್ದುದರಿಂದಲೇ ಅವನ ದನಿ ನಡುಗಿತು. ತರಗತಿ ನಕ್ಕಿತು. ಜಮೀನುದಾರನಾಗಿದ್ದ ಹುಡುಗ ಮಾತಿನ ಮಲ್ಲ. ಸಭೆಯನ್ನು ತನ್ನ ಕಡೆ ಎಳೆದುಕೊಂಡ. ಕೈಯೆತ್ತಿಸಿದಾಗ ಬಹುಮತ ಅವನ ಕಡೆಗೇ ಬಂತು, ಎಲ್ಲರೂ ಮೇಜು ಕುಟ್ಟಿ ಗದ್ದಲ ಮಾಡಿದರು. ಅಷ್ಟರಲ್ಲಿ ಗಂಟೆ ಬಾರಿಸಿತು. “ಭೇಷ್, ಬಹಳ ಚೆನ್ನಾಗಿ ಮಾಡಿದಿರಿ” ಎಂದು ಹೇಳಿ, ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ನಾನು ಹೊರಟುಹೋದೆ. ಮುಖ್ಯೋಪಾಧ್ಯಾಯರು ನನ್ನನ್ನು ಅಭಿನಂದಿಸಿದರು. ಮರುದಿನ ಮುಂದಿನ ಪಾಠ.

ವರ್ಷಗಳು ಉರುಳಿದವು. ನಾನು ನಿವೃತ್ತನಾದ ಮೇಲೆ ಆ ತಂಡದವರು ಗುರುವಂದನೆ ಏರ್ಪಡಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಒಬ್ಬ ಬಂದು ಕಾಲಿಗೆರಗಿದ. ಗುರುತು ಸಿಗಲಿಲ್ಲ. ಹೆಸರು ಹೇಳಿದ, ಆಗಲೂ ನೆನಪಾಗಲಿಲ್ಲ. ಅವನು ನಕ್ಕು, “ನಾನು ಸಾರ್, ಅರ್ಜಿ” ಎಂದ. ತಕ್ಷಣ ಗುರುತು ಸಿಕ್ಕಿತು. ಆ ಕ್ಷಣದ ನಾಚಿಕೆಯನ್ನು ನಾನು ಮರೆಯಲಾರೆ. ಎಸ್.ಎಸ್.ಎಲ್.ಸಿ. ಮುಗಿಯುವವರೆಗೂ ಮಕ್ಕಳು ಅವನನ್ನು ‘ಅರ್ಜಿ’ ಎಂದೇ ಕರೆದಿದ್ದರು. ನಾನೂ ಒಂದೆರಡು ಸಲ ಆ ಹೆಸರನ್ನು ಕೇಳಿ ನಕ್ಕಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತವನು ಮೆಲ್ಲಗೆ ಹೇಳಿದ: “ಬೆಳಗ್ಗೆ ನಮ್ಮಪ್ಪನ ಹತ್ತಿರ ಸ್ಕೂಲಲ್ಲಿ ಪಂಚಾಯ್ತಿ ಆಟ ಇದೆ, ನಮ್ಮ ಬೀದಿಗೆ ನೀರು ಕೇಳ್ತೀನಿ ಅಂದಿದ್ದೆ ಸಾರ್. ಸಂಜೆ ಏನಾಯ್ತು ಅಂತ ಕೇಳಿದರು. ಆಟದಲ್ಲೂ ಸಿಗಲಿಲ್ಲ ಅಂತ ಹೇಳೋಕೆ ಆಗದೆ, ಆಟ ನಡೀಲಿಲ್ಲ ಅಂದೆ.”

ನಮ್ಮ ಭಾಷೆಯಲ್ಲಿ ಅಣಕು ಸಂಸತ್ತು, ಅಣಕು ಮತದಾನ ಎಂದು ಸಲೀಸಾಗಿ ಬಳಸುತ್ತೇವೆ. ಅಣಕ ಎಂದರೆ ಗೇಲಿ ಎಂಬ ಅರ್ಥವೂ ಇದೆ. ಅಂದು ನನ್ನ ಅಣಕು ಗ್ರಾಮಸಭೆ ಒಬ್ಬ ಬಾಲಕನ ಪಾಲಿಗೆ ಶುದ್ಧ ಅಣಕವಾಯಿತು.

ನಾನು ಮಾಡಿದ ತಪ್ಪು ಯಾವುದೆಂದು ಈಗ ಸಿದ್ಧಾಂತದ ಕನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬೋಧನಾ ವಿನ್ಯಾಸ ಎಂಬ ಶಾಸ್ತ್ರವಿದೆ. 1975ರಲ್ಲಿ ಫ್ಲಾರಿಡಾ ರಾಜ್ಯ ವಿಶ್ವವಿದ್ಯಾನಿಲಯದವರು ಅಮೆರಿಕದ ಸೈನ್ಯಕ್ಕಾಗಿ ರೂಪಿಸಿದ ಮಾದರಿಯಲ್ಲಿ ಐದು ಹಂತಗಳಿವೆ: ವಿಶ್ಲೇಷಣೆ, ವಿನ್ಯಾಸ, ಸಿದ್ಧತೆ, ಅನುಷ್ಠಾನ, ಮೌಲ್ಯಮಾಪನ. ನಾನು ಸಿದ್ಧತೆ ಮಾಡಿದೆ, ರಟ್ಟು ಕತ್ತರಿಸಿದೆ, ಅನುಷ್ಠಾನವೂ ಆಯಿತು. ಆದರೆ ಕಲಿಯುವವರು ಯಾರು, ಯಾರ ಮನೆಯ ಸ್ಥಿತಿ ಏನು ಎಂಬ ವಿಶ್ಲೇಷಣೆ ಇರಲಿಲ್ಲ. ಈ ಆಟದಿಂದ ಮಕ್ಕಳು ಏನನ್ನು ಅರಿಯಬೇಕು ಎಂಬ ಗುರಿಯನ್ನು ಒಂದು ವಾಕ್ಯದಲ್ಲಿ ಕೂಡ ಬರೆದುಕೊಂಡಿರಲಿಲ್ಲ. ಗುರಿಯಿಲ್ಲದ ಮೇಲೆ ಮೌಲ್ಯಮಾಪನ ಎಲ್ಲಿಯದು? ‘ಗಲಾಟೆ ಚೆನ್ನಾಗಿತ್ತು’ ಎಂಬುದೇ ಅಳತೆಗೋಲಾಯಿತು.

ಪಾತ್ರಗಳನ್ನು ಹಂಚುವಾಗ ತಿರುಗಿಸಿ ಕೊಡಬೇಕಿತ್ತು. ಜಮೀನುದಾರರ ಮನೆಯ ಹುಡುಗ ಅರ್ಜಿ ಹಿಡಿದು ನಿಲ್ಲಬೇಕಿತ್ತು, ಕೂಲಿಕಾರರ ಮನೆಯ ಹುಡುಗ ಅಧ್ಯಕ್ಷನ ಕುರ್ಚಿಯಲ್ಲಿ ಕೂರಬೇಕಿತ್ತು. ಆಟ ಮುಗಿದೊಡನೆ ಚೀಟಿಗಳನ್ನು ಹಿಂದಕ್ಕೆ ಪಡೆದು, ಪ್ರತಿಯೊಬ್ಬರನ್ನೂ ಅವರವರ ಹೆಸರಿನಿಂದ ಕರೆದು, ಪಾತ್ರದಿಂದ ಹೊರಗೆ ತರಬೇಕಿತ್ತು. ಆಮೇಲೆ ಕೇಳಬೇಕಾಗಿದ್ದ ಪ್ರಶ್ನೆಗಳು ಎಷ್ಟಿದ್ದವು! ಬಹುಮತ ಬಂದದ್ದೆಲ್ಲ ನ್ಯಾಯವೇ? ಅತಿ ಹೆಚ್ಚು ಅಗತ್ಯವಿದ್ದವನ ಮಾತಿಗೆ ನಗು ಏಕೆ ಬಂತು? ಚೆನ್ನಾಗಿ ಮಾತನಾಡಬಲ್ಲವನೇ ಸಭೆಯನ್ನು ಗೆದ್ದರೆ, ಮಾತು ಬಾರದವರ ನೀರಿನ ಗತಿ ಏನು? ಆ ಹುಡುಗನ ನಡುಗುವ ದನಿಯಲ್ಲಿ ಪ್ರಜಾಪ್ರಭುತ್ವದ ಇಡೀ ಪಾಠವೇ ಇತ್ತು. ಕಾಲು ಗಂಟೆ ಕುಳಿತು ಮಾತನಾಡಿದ್ದರೆ, ನಕ್ಕವರಿಗೆ ಅದು ಬದುಕಿನ ಪಾಠವಾಗುತ್ತಿತ್ತು, ಅವನಿಗೆ ಅಡ್ಡಹೆಸರು ಅಂಟುತ್ತಿರಲಿಲ್ಲ.

ಈ ಮಾತು ಇಂದು ಹೆಚ್ಚು ಪ್ರಸ್ತುತವಾಗಲು ಕಾರಣವಿದೆ. ಈಗ ಶಾಲೆಗಳಿಗೆ ಪರದೆಗಳು ಬಂದಿವೆ. ಭೌತಶಾಸ್ತ್ರಕ್ಕೆ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ‘ಫೆಟ್’ ಎಂಬ ಯೋಜನೆಯ ಸಿಮ್ಯುಲೇಷನ್‌ಗಳು ಉಚಿತವಾಗಿ ದೊರೆಯುತ್ತವೆ, ಕನ್ನಡದಲ್ಲೂ ಕೆಲವಿವೆ. ಬಹಳ ಸೊಗಸಾದ ಕೆಲಸ. ಲೋಲಕದ ಸಿಮ್ಯುಲೇಷನ್‌ನಲ್ಲಿ ದಾರದ ಉದ್ದ, ಗುಂಡಿನ ತೂಕ, ಗುರುತ್ವವನ್ನೂ ಬದಲಿಸಿ ನೋಡಬಹುದು. ಲೋಲಕವನ್ನು ಚಂದ್ರನ ಮೇಲೂ ತೂಗಿಸಬಹುದು. ನನ್ನ ಮೊಮ್ಮಗಳು ಅದನ್ನು ಆಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ಐದು ನಿಮಿಷದಲ್ಲಿ ಎಲ್ಲ ಗುಂಡಿಗಳನ್ನೂ ಎಳೆದಾಡಿದಳು. “ಏನು ತಿಳಿಯಿತು ಪುಟ್ಟಿ?” ಎಂದೆ. “ಜೋರಾಗಿ ತೂಗುತ್ತೆ ತಾತ” ಎಂದಳು.

ಮರುದಿನ ಬೇರೆ ರೀತಿ ಮಾಡಿದೆ. ಪರದೆ ತೆರೆಯುವ ಮೊದಲೇ ಕೇಳಿದೆ: “ಗುಂಡು ಭಾರವಾದರೆ ಲೋಲಕ ಬೇಗ ಬೇಗ ತೂಗುತ್ತದೋ, ನಿಧಾನವಾಗಿಯೋ, ಅಷ್ಟೇ ವೇಗವಾಗಿಯೋ? ಮೊದಲು ಬರೆದಿಡು.” ‘ಬೇಗ’ ಎಂದು ಬರೆದಳು. ಬೇರೆ ಯಾವುದನ್ನೂ ಮುಟ್ಟದೆ ತೂಕವನ್ನು ಮಾತ್ರ ಬದಲಿಸಿ, ಹತ್ತು ತೂಗಾಟಗಳಿಗೆ ಹಿಡಿದ ಕಾಲವನ್ನು ಎಣಿಸಿದಳು. ಏನೂ ಬದಲಾಗಲಿಲ್ಲ! ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು. ಅವಳೇ ಬರೆದಿಟ್ಟ ಮಾತು ಸುಳ್ಳಾದಾಗ ಮೂಡಿದ ಆ ಪ್ರಶ್ನೆಯಿಂದ ಕಲಿಕೆ ಶುರುವಾಯಿತು. ಆಮೇಲೆ ಅಡುಗೆಮನೆಯಿಂದ ದಾರ, ಒಂದು ಸಣ್ಣ ಬೀಗ, ಒಂದು ದೊಡ್ಡ ಬೀಗ ತಂದು ಕಿಟಕಿಯ ಸರಳಿಗೆ ಕಟ್ಟಿ, ಪರದೆ ಹೇಳಿದ್ದು ನಿಜವೇ ಎಂದೂ ನೋಡಿದೆವು.

ಒಂದೇ ಗುಂಡಿಯನ್ನು ಮುಟ್ಟಿಸಿದ್ದು ಏಕೆಂಬುದಕ್ಕೂ ಸಿದ್ಧಾಂತದ ಆಧಾರವಿದೆ. ಮನಸ್ಸು ಒಮ್ಮೆಗೆ ಹೊರಬಲ್ಲ ಹೊರೆ ಸಣ್ಣದು, ಹೊಸಬನ ಮೇಲೆ ಎಲ್ಲವನ್ನೂ ಒಟ್ಟಿಗೆ ಹೇರಿದರೆ ಕಲಿಕೆಗೆ ಜಾಗವೇ ಉಳಿಯುವುದಿಲ್ಲ ಎಂದು ಜಾನ್ ಸ್ವೆಲ್ಲರ್ 1988ರಿಂದ ಹೇಳುತ್ತ ಬಂದಿದ್ದಾರೆ. ರಷ್ಯಾದ ವೈಗೋಟ್‌ಸ್ಕಿ, ಮಗು ಒಂಟಿಯಾಗಿ ಮಾಡಲಾರದ್ದನ್ನು ಬಲ್ಲವರ ನೆರವಿನಿಂದ ಮಾಡಬಲ್ಲ ಒಂದು ವಲಯವಿದೆ ಎಂದರು. ನಮ್ಮ ಹಳ್ಳಿಗಳಲ್ಲಿ ಬಾವಿಗೆ ಇಳಿಸಿ ಈಜು ಕಲಿಸುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೊದಲು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು, ಸೊಂಟಕ್ಕೆ ಹಗ್ಗ ಬಿಗಿದು ಮೇಲೆ ನಿಂತವರು ಹಿಡಿದಿರುತ್ತಿದ್ದರು. ಕೈಕಾಲು ಬಡಿಯುವುದು ಬಂದ ಮೇಲೆ ಬುರುಡೆ ಬಿಚ್ಚುತ್ತಿದ್ದರು, ಕೊನೆಗೆ ಹಗ್ಗ ಸಡಿಲಿಸುತ್ತಿದ್ದರು. ಬುರುಡೆ ಕಟ್ಟದೆ ತಳ್ಳಿದರೆ ಮಗು ಮುಳುಗುತ್ತದೆ, ಕೊನೆಯವರೆಗೂ ಬಿಚ್ಚದಿದ್ದರೆ ಈಜು ಬರುವುದಿಲ್ಲ. ಸಿಮ್ಯುಲೇಷನ್ ಬಳಸುವ ಉಪಾಧ್ಯಾಯರ ಜಾಣ್ಮೆ ಇರುವುದು ಯಾವಾಗ ಕಟ್ಟಬೇಕು, ಯಾವಾಗ ಬಿಚ್ಚಬೇಕು ಎಂದು ತಿಳಿಯುವುದರಲ್ಲಿ.

‘ನಲವತ್ತು ನಿಮಿಷದ ಪೀರಿಯಡ್, ಅರವತ್ತು ಮಕ್ಕಳು, ಮುಗಿಯದ ಸಿಲಬಸ್, ಇದಕ್ಕೆಲ್ಲ ಸಮಯ ಎಲ್ಲಿದೆ ಸರ್?’ ಎಂದು ನೀವು ಕೇಳುವುದು ನನಗೆ ಇಲ್ಲಿಯೇ ಕೇಳಿಸುತ್ತಿದೆ. ನಾನೂ ಅದೇ ಮಾತು ಹೇಳಿಕೊಂಡು ಮೂರು ದಶಕ ಕಳೆದವನು. ಪೂರ್ತಿ ಸುಳ್ಳೂ ಅಲ್ಲ ಅದು. ಹಾಗಾಗಿ ನನ್ನ ಸಲಹೆ ಸರಳವಾದದ್ದು: ಇಂಥ ಪಾಠಗಳನ್ನು ಕಡಿಮೆ ಮಾಡಿ, ಮಾಡಿದ್ದನ್ನು ಪೂರ್ತಿಯಾಗಿ ಮಾಡಿ. ವರ್ಷಕ್ಕೆ ನಾಲ್ಕು ಸಾಕು. ನಲವತ್ತು ನಿಮಿಷದಲ್ಲಿ ಐದು ನಿಮಿಷ ಗುರಿಗೂ ಊಹೆ ಬರೆಯುವುದಕ್ಕೂ ಇರಲಿ, ಆಟ ಹದಿನೈದು ನಿಮಿಷ ಮೀರದಿರಲಿ, ಮರುನೋಟಕ್ಕೆ ಹದಿನೈದು ನಿಮಿಷ ಕಡ್ಡಾಯವಾಗಿ ಉಳಿಯಲಿ. ಕೊನೆಯ ಐದು ನಿಮಿಷದಲ್ಲಿ ಪ್ರತಿ ಮಗುವೂ ‘ನಾನು ಮೊದಲು ಹೀಗೆಂದುಕೊಂಡಿದ್ದೆ, ಈಗ ಹೀಗೆಂದು ತಿಳಿಯಿತು’ ಎಂದು ಎರಡು ಸಾಲು ಬರೆಯಲಿ. ಆಟ ಎಷ್ಟೇ ರಂಗೇರಿದ್ದರೂ ಗಡಿಯಾರ ನೋಡಿ ನಿಲ್ಲಿಸಿ. ನಿಲ್ಲಿಸಲು ಮನಸ್ಸು ಬಾರದು, ನನಗೆ ಗೊತ್ತು.

ಮತ್ತೊಂದು ಮಾತು. ನಿಜವಾದದ್ದು ಕೈಗೆಟಕುವಾಗ ಪರದೆಯ ಮೊರೆ ಹೋಗಬೇಡಿ. ಮೊಳಕೆಯ ಪಾಠಕ್ಕೆ ಹೆಸರುಕಾಳೂ ಒದ್ದೆ ಬಟ್ಟೆಯೂ ಇರುವಾಗ ಅದರ ಚಲನಚಿತ್ರ ಏತಕ್ಕೆ? ಅಪಾಯಕರವಾದದ್ದು, ಕಣ್ಣಿಗೆ ಕಾಣದಷ್ಟು ಸಣ್ಣದಾದದ್ದು, ಕೈಗೆ ಸಿಗದಷ್ಟು ದೊಡ್ಡದಾದದ್ದು, ಇವುಗಳಿಗಷ್ಟೇ ಸಿಮ್ಯುಲೇಷನ್ ಮೀಸಲಾಗಿರಲಿ. ನನ್ನ ಶಿಷ್ಯೆಯೂ ಇದನ್ನೇ ಹೇಳಿದಳು: “ಬೊಂಬೆ ಕೈ ಹಿಡಿದುಕೊಂಡು ಅಳುವುದಿಲ್ಲ ಸರ್. ಅದನ್ನು ಕಲಿಯಲು ವಾರ್ಡಿಗೇ ಹೋಗಬೇಕು.”

ಪರದೆಗೂ ಬೊಂಬೆಗೂ ಹಣ ಮಂಜೂರಾಗುತ್ತದೆ. ಮಾತನಾಡುವ ಕಾಲು ಗಂಟೆಗೆ ಯಾವ ಇಲಾಖೆಯೂ ಅನುದಾನ ಕೊಡಬೇಕಾಗಿಲ್ಲ. ಬಹುಶಃ ಅದಕ್ಕೇ ಅದು ಯಾರ ಯೋಜನೆಯಲ್ಲೂ ಕಾಣುವುದಿಲ್ಲ. ಅದನ್ನು ಉಪಾಧ್ಯಾಯರೇ ತಮ್ಮ ಪೀರಿಯಡ್ಡಿನಿಂದ ಕಡಿದು ಇಡಬೇಕು.

ಆ ತಂಡದ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಗೆಳೆಯನನ್ನು ಇನ್ನಾದರೂ ಅವನ ಹೆಸರಿನಿಂದಲೇ ಕರೆಯಿರಿ. ಅವನೇನೂ ಬೇಸರ ಮಾಡಿಕೊಳ್ಳುವುದಿಲ್ಲ, ನಗುತ್ತಲೇ ಇರುತ್ತಾನೆ, ಬಲ್ಲೆ. ಕ್ಷಮಿಸು ಎಂದು ಅಂದು ಪಂಕ್ತಿಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಕೆಲವು ದಿನ ಬಿಟ್ಟು ಫೋನ್ ಮಾಡಿ ಹೇಳಿದೆ. “ಅಯ್ಯೋ ಬಿಡಿ ಸಾರ್, ಆಟ ಅಲ್ಲವೇ” ಎಂದ. ಅವನ ಮಗಳು ಈಗ ಒಂಬತ್ತನೆಯ ತರಗತಿಯಂತೆ. ಸ್ಥಳೀಯ ಸರ್ಕಾರದ ಪಾಠ ಅವಳಿಗೂ ಇದೆ. ಅವಳ ಶಾಲೆಯಲ್ಲೂ ಯಾರಾದರೂ ಉತ್ಸಾಹಿ ಮೇಷ್ಟ್ರು ಚೀಟಿಗಳನ್ನು ಕತ್ತರಿಸುತ್ತಿದ್ದರೆ, ಈ ಬರಹ ಅವರ ಕಣ್ಣಿಗೆ ಬೀಳಲಿ ಎಂದು ಆಶಿಸುತ್ತೇನೆ.